ಗಂಜಿ ತೆಳುವಾದರೆ

ಜಮಖಂಡಿಯ ಒಂದು ಹೃದಯದ ದವಾಖಾನೆಯಲ್ಲಿ ದಾನೇಶ್ವರಿಯ ಕೆಲಸವೆಂದರೆ, ಡಾಕ್ಟರು ಹೇಳಿದ್ದನ್ನು ರೋಗಿಗಳಿಗೆ ತಿಳಿಯುವ ಮಾತಿನಲ್ಲಿ ಇನ್ನೊಮ್ಮೆ ಹೇಳುವುದು. ಆಂಜಿಯೋಗ್ರಾಮ್ ಎಂದರೆ ರಕ್ತನಾಳದೊಳಗೆ ಬಣ್ಣ ಬಿಟ್ಟು ತೆಗೆಯುವ ಚಿತ್ರ. ಎಕೋ ಎಂದರೆ ಬಸುರಿಯರಿಗೆ ಮಾಡುವಂಥದೇ ಸ್ಕ್ಯಾನಿಂಗ್, ಆದರೆ ಗುಂಡಿಗೆಯದು. ಅವಳು ಬೀಳಗಿ ಕಡೆಯ ಒಕ್ಕಲು ಮನೆತನದವಳು, ಬಿ.ಎಸ್ಸಿ. ಓದಿದವಳು. ಇಂಥ ವಿವರಣೆಗಳನ್ನು ದೊಡ್ಡ ಅಕ್ಷರದಲ್ಲಿ, ಹಾಳೆಯ ಒಂದೇ ಬದಿಗೆ ಹಿಡಿಯುವಂತೆ ಬರೆದು ಅಚ್ಚು ಹಾಕಿಸಿದ್ದಳು. ಹಿಡಿಯದ ಸಾಲುಗಳನ್ನು ಹೊಡೆದು ಹಾಕುತ್ತಿದ್ದಳು. ಉದ್ದವಿದ್ದರೆ ಯಾರೂ ಓದುವುದಿಲ್ಲ ಎಂಬುದು ಅವಳ ಅನುಭವ.

ಬನಹಟ್ಟಿಯ ನಿಂಗಣ್ಣನಿಗೂ ಅಂಥ ಒಂದು ಹಾಳೆ ಕೊಟ್ಟಿದ್ದಳು. ನಿಂಗಣ್ಣ ನೇಕಾರ. ಮನೆಯ ಮುಂದಿನ ಪಡಸಾಲೆಯಲ್ಲೇ ಪವರ್‌ಲೂಮ್ ಮಗ್ಗಗಳು. ಗುಂಡಿಗೆಯ ಒಂದು ಕವಾಟ ಕೆಟ್ಟು, ಬೆಳಗಾವಿಯಲ್ಲಿ ಆಪರೇಶನ್ ಆಗಿ, ಅದರ ಜಾಗದಲ್ಲಿ ಕೃತಕ ಕವಾಟ ಬಂದಿತ್ತು. ಅದು ಮುಚ್ಚಿದಾಗಲೆಲ್ಲ ಕೈಗಡಿಯಾರದಂಥ ಸಣ್ಣ ಸಪ್ಪಳ. ಮಗ್ಗ ನಡೆಯುವಾಗ ಅದು ಯಾರಿಗೂ ಕೇಳುವುದಿಲ್ಲ. ಕರೆಂಟು ಹೋದ ಕೂಡಲೇ ಹೆಂಡತಿ ಅನಸವ್ವ ಒಲೆಯ ಮುಂದಿನಿಂದ ಎದ್ದು ಬಂದು, ಗಂಡನ ಹತ್ತಿರ ನಿಂತು ಅದನ್ನು ಕೇಳಿಸಿಕೊಂಡು ಹೋಗುತ್ತಿದ್ದಳು.

ಇಂಥ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುವ ಅಪಾಯ ಯಾವಾಗಲೂ ಇರುತ್ತದೆ. ಹೆಪ್ಪಿನ ಚೂರು ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಕವಾಟಕ್ಕೇ ಸಿಕ್ಕಿಕೊಂಡರೆ ಜೀವಕ್ಕೇ ಸಂಚಕಾರ. ಅದನ್ನು ತಡೆಯಲು ಜೀವ ಇರುವ ತನಕ ಒಂದು ಗುಳಿಗೆ ನುಂಗಬೇಕು. ಗುಳಿಗೆ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡುವ ರಕ್ತಪರೀಕ್ಷೆಗೆ ಐಎನ್‌ಆರ್ ಎನ್ನುತ್ತಾರೆ. ಉಳಿದವರಿಗೆ ಹೋಲಿಸಿದರೆ ಈತನ ರಕ್ತ ಹೆಪ್ಪುಗಟ್ಟಲು ಎಷ್ಟು ತಡಮಾಡುತ್ತದೆ ಎಂಬುದನ್ನು ಅದು ಅಂಕಿಯಲ್ಲಿ ಹೇಳುತ್ತದೆ. ನಿಂಗಣ್ಣನ ಅಂಕಿ ಮೂರರ ಆಸುಪಾಸು ಇರಬೇಕಿತ್ತು. ಹಿಂದಿನ ಸಲ ಹಾಗೇ ಇತ್ತು. ಈ ಸಲ ಒಂದೂವರೆಗೆ ಇಳಿದಿತ್ತು.

“ಗುಳಗಿ ತಪ್ಪಸೀರಿ,” ಎಂದರು ಡಾಕ್ಟರ್ ವೀರೇಶ.

“ಇಲ್ರೀ ಸಾಹೇಬ್ರ. ಬನಶಂಕರಿ ಆಣಿ ಮಾಡಿ ಹೇಳತೇನಿ.”

“ಬನಶಂಕರಿ ಬಂದು ಗುಳಗಿ ನುಂಗಸೂದಿಲ್ಲ, ನಿಂಗಣ್ಣಾರ.”

“ಆಕಿ ಯಾಕ ಬರಬೇಕ್ರಿ, ನಾ ಇಲ್ಲೇನು?” ಎಂದಳು ಅನಸವ್ವ. “ನುಂಗಿದಮ್ಯಾಲ ಬಾಯಿ ತಗಸಿ ನೋಡತೇನಿ. ನಾಲಗಿ ಎತ್ತಸ್ತೇನಿ.” ಖಾಲಿಯಾದ ಗುಳಿಗೆಯ ಪಟ್ಟಿಗಳನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ಸುರಿದಳು.

ವೀರೇಶ ಅವನ್ನು ನೋಡಿದರು. “ಖರೆ ಐತಿ. ಹಂಗಾರ ಗುಳಗಿ ಸಾಲವಲ್ದು. ಹೆಚ್ಚ ಮಾಡೂನು.” ಮೊದಲು ಎಕೋ ಮಾಡಿ ನೋಡಿದರು. ಕವಾಟ ಚೆನ್ನಾಗಿ ಆಡುತ್ತಿತ್ತು, ಹೆಪ್ಪು ಕಾಣಲಿಲ್ಲ. ಔಷಧಿ ಬರೆಯಲು ಪೆನ್ನು ತೆಗೆದುಕೊಂಡರು.

ದಾನೇಶ್ವರಿ ಬಾಗಿಲಲ್ಲಿ ನಿಂತಿದ್ದಳು. ಗುಳಿಗೆ ಅದೇ, ನುಂಗುವವನೂ ಅವನೇ. ಮತ್ತೆ ಅಂಕಿ ಯಾಕೆ ಇಳಿಯಬೇಕು? ನಡುವೆ ಬೇರೆ ಏನೋ ಸೇರಿರಬೇಕು. ಅದು ಏನೆಂದು ತಿಳಿಯದೆ ಗುಳಿಗೆ ಹೆಚ್ಚಿಸಿ, ನಾಳೆ ಅದು ತಾನಾಗಿ ನಿಂತುಹೋದರೆ ಅಂಕಿ ಮೇಲಕ್ಕೆ ಹಾರಿ ರಕ್ತಸ್ರಾವವಾದೀತು.

“ಬರಿಯೂ ಮೊದಲ ನಾ ಒಂಚೂರು ಇವ್ರ ಜೋಡಿ ಮಾತಾಡಲೇನ್ರಿ ಸರ್?”

“ಮಾತಾಡು. ಆದ್ರ ಇವತ್ತ ಏನರ ಮಾಡಲಾರದ ಇವ್ರನ್ನ ಮನಿಗೆ ಕಳಸೂ ಹಂಗಿಲ್ಲ.”

ಹೊರಗಿನ ಬೆಂಚಿನ ಮೇಲೆ ಮೂವರೂ ಕೂತರು. ನಿಂಗಣ್ಣ ಅಂಗಿಯ ಕಿಸೆಯಿಂದ ಅವಳು ಕೊಟ್ಟಿದ್ದ ಹಾಳೆಯನ್ನು ತೆಗೆದ. ಮಡಿಕೆಗಳಲ್ಲಿ ಹರಿಯುವಷ್ಟು ಸಲ ಬಿಚ್ಚಿ ಮಡಚಿದ್ದ.

“ಇದನ್ನ ನಿಮ್ಮ ಬಾಜೂ ಮನಿಯವ್ರಿಗೆ ಹೇಳಿದಂಗ ನನಗ ಹೇಳ್ರಿ,” ಎಂದಳು ದಾನೇಶ್ವರಿ.

“ಬರದಾಕಿಗೆ ನಾ ಹೇಳೂದು?” ನಿಂಗಣ್ಣ ನಕ್ಕ. “ರಕ್ತ ತೆಳು ಮಾಡೂ ಗುಳಗಿ. ದಿನಾ ಒಂದ ಹೊತ್ತಿಗೆ ತಗೋಬೇಕು. ಗಾಯ ಆಗಿ ರಕ್ತ ನಿಲ್ಲಲಿಲ್ಲಂದ್ರ ಲಗೂನ ಇಲ್ಲಿಗೆ ಬರಬೇಕು. ಆತು.”

“ತೆಳು ಅಂದ್ರ ಹೆಂಗ?”

“ತೆಳು ಅಂದ್ರ ತೆಳೂನ ರೀ. ಗಂಜಿ ತೆಳು ಆದಂಗ.”

“ಯಾವ ಗಂಜಿ? ಕುಡಿಯೂದಾ?”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. “ಬೀಳಗಿಯವ್ರಿಗೆ ಕಬ್ಬ ಬಿಟ್ರ ಏನೂ ಗೊತ್ತಿಲ್ಲ ನೋಡ,” ಎಂದಳು ಅನಸವ್ವ.

ನಿಂಗಣ್ಣ ತಾಳ್ಮೆಯಿಂದ ವಿವರಿಸಿದ. ಮಗ್ಗಕ್ಕೆ ಏರಿಸುವ ಮೊದಲು ಉದ್ದನೆಯ ಎಳೆಗಳಿಗೆಲ್ಲ ಗಂಜಿ ಹಚ್ಚಿ ಒಣಗಿಸಬೇಕು. ಅವನ ಅಪ್ಪನ ಕಾಲದಲ್ಲಿ ಓಣಿಯ ತುಂಬ ನೂಲು ಹಾಸಿ ಕೈಯಿಂದಲೇ ಹಚ್ಚುತ್ತಿದ್ದರು. “ಗಂಜಿ ನೀರಾತಂದ್ರ ನೂಲಿಗೆ ಕಸುವ ಇರೂದಿಲ್ರಿ. ಮಗ್ಗ ಚಾಲೂ ಮಾಡಿದ ಕೂಡ್ಲೆ ಎಳಿ ಪಟಪಟ ಹರೀತಾವ.”

“ಹಂಗಾದ್ರ ಏನ ಮಾಡ್ತೀರಿ?”

“ಏನ ಮಾಡೂದು? ಮ್ಯಾಲ ಇನ್ನೊಂದ ಸರ್ತಿ ಗಟ್ಟಿ ಗಂಜಿ ಹಚ್ಚತೇವಿ. ನೂಲ ತಿಪ್ಪಿಗೆ ಒಗ್ಯಾಕ ಬರತೈತೇನು?”

ದಾನೇಶ್ವರಿ ಅನಸವ್ವನ ಕಡೆ ತಿರುಗಿದಳು. “ಅನಸವ್ವಾರ, ಇವ್ರಿಗೆ ಮ್ಯಾಲ ಯಾವ ಗಂಜಿ ಹಚ್ಚೀರಿ?”

ಅನಸವ್ವ ಸೆರಗು ಸರಿಮಾಡಿಕೊಂಡಳು. ಕೇಳಲಿ ಎಂದೇ ಕಾಯುತ್ತಿದ್ದವಳಂತೆ ಇತ್ತು ಅವಳ ದನಿ. “ಹಿಂದಿನ ಸರ್ತಿ ಇಲ್ಲಿಂದ ಹೋದಾಗಿಂದ ತಪ್ಪಲ ಪಲ್ಯಾರಿ. ಡಾಕ್ಟರ್ ಮಾತ ಮೀರಿಲ್ಲ ಮತ್ತ. ಅವ್ರು ತೆಳು ಮಾಡ್ಲಿ, ನಾವು ಗಟ್ಟಿ ಮಾಡೂನು. ನನ್ನ ತಂಗೀನ್ನ ಹುನ್ನೂರಿಗೆ ಕೊಟ್ಟೇವಿ, ಬಸ್ಸಿನಾಗ ಚೀಲ ಇಟ್ಟ ಕಳಸ್ತಾಳ. ಮುಂಜಾನೆ ಮೆಂತೆ, ಮಧ್ಯಾಹ್ನ ನುಗ್ಗಿ ತಪ್ಪಲ, ಸಂಜೀಕ ಪಾಲಕ.”

“ಎತ್ತಿಗೂ ಇಷ್ಟ ಹಸರ ಹಾಕೂದಿಲ್ರಿ,” ಎಂದ ನಿಂಗಣ್ಣ.

“ಎತ್ತ ಹಾಕಿದ್ದ ತಿಂತೈತಿ. ನಿಮಗ ಬೈದ ತಿನ್ನಸಬೇಕು.”

ಹಸಿರು ಸೊಪ್ಪಿನಲ್ಲಿರುವ ಕೆ ಜೀವಸತ್ವ ರಕ್ತ ಹೆಪ್ಪುಗಟ್ಟಲು ನೆರವಾಗುತ್ತದೆ. ಈ ಗುಳಿಗೆಯ ಕೆಲಸ ಅದರ ಕೈ ಕಟ್ಟುವುದು. ಸೊಪ್ಪು ಒಮ್ಮೆಲೇ ಹೆಚ್ಚಾದರೆ ಗುಳಿಗೆ ಸೋಲುತ್ತದೆ. ದಾನೇಶ್ವರಿಗೆ ಇದು ಗೊತ್ತಿತ್ತು. ಮೊದಲ ಕರಡಿನಲ್ಲಿ ಬರೆದೂ ಇದ್ದಳು. ಹಾಳೆಯ ಒಂದು ಬದಿಗೆ ಹಿಡಿಯಲಿಲ್ಲವೆಂದು ಹೊಡೆದು ಹಾಕಿದ ಸಾಲುಗಳಲ್ಲಿ ಅದೂ ಒಂದು.

“ಗುಳಗಿ ರಕ್ತಕ್ಕ ನೀರ ಬೆರಸೂದಿಲ್ರಿ,” ಎಂದಳು. “ನಿಮ್ಮ ರಕ್ತ ಮೊದಲ ಹೆಂಗಿತ್ತೊ ಈಗೂ ಹಂಗ ಐತಿ. ಕಸುವೂ ಅಷ್ಟ ಐತಿ.”

“ಮತ್ತ ತೆಳು ಅಂತ ಯಾಕ ಬರದೀರಿ?”

“ಎಲ್ಲಾರೂ ಹಂಗ ಅಂತಾರ. ನಾನೂ ಹಂಗ ಬರದೆ.” ಆಮೇಲೆ ಅನಸವ್ವನನ್ನು ಕೇಳಿದಳು. “ಹಾಲ ಕಾಸಿ, ಹೆಪ್ಪ ಹಾಕಲಾರದ ಇಟ್ರ ಏನಾಕ್ಕೈತಿ?”

“ಮೊಸರ ಆಗೂದಿಲ್ಲ,” ಎಂದಳು ಅನಸವ್ವ.

“ಹಾಲ ತೆಳು ಆತೇನು?”

“ಯಾಕ ಆಕ್ಕೈತಿ? ಹಾಲ ಹಾಲಿದ್ದಂಗ ಇರತೈತಿ.”

“ಗುಳಗಿ ಮಾಡೂದು ಅಷ್ಟ. ಹೆಪ್ಪ ತಡೀತೈತಿ. ತಪ್ಪಲ ಪಲ್ಯಾ ಅತಿ ಆದ್ರ ಹೆಪ್ಪ ಹಾಕತೈತಿ.”

ಅನಸವ್ವನ ಕೈ ಮಡಿಲಲ್ಲಿದ್ದ ಚೀಲವನ್ನು ಬಿಗಿಯಾಗಿ ಹಿಡಿಯಿತು. ಚೀಲದೊಳಗೆ ಮಧ್ಯಾಹ್ನದ ನುಗ್ಗೆ ಸೊಪ್ಪಿನ ಬುತ್ತಿ ಇತ್ತು.

“ಹಂಗಾರ ನಾ ಇವ್ರಿಗೆ ದಿನಾ ಹೆಪ್ಪ ಹಾಕಾಕತ್ತಿದ್ನೇನ್ರಿ?”

“ಇನ್ನ ಕಟ್ಟಿಲ್ಲ. ಡಾಕ್ಟರ್ ಈಗ ನೋಡ್ಯಾರಲ್ಲ.”

ನಿಂಗಣ್ಣ ಹೆಂಡತಿಯ ಕೈಯಿಂದ ಚೀಲ ತೆಗೆದುಕೊಂಡು ತನ್ನ ಕಾಲ ಬಳಿ ಇಟ್ಟ. “ಇರಲಿ ಬಿಡ. ಇನ್ನರ ಒಂದೀಟ ಬದನಿಕಾಯಿ ಮಾಡ,” ಎಂದ.

ವೀರೇಶ ಎಲ್ಲವನ್ನೂ ಕೇಳಿ, ಬರೆಯದೆ ಉಳಿದಿದ್ದ ಚೀಟಿಯನ್ನು ನೋಡುತ್ತ ಕೂತರು. ಗುಳಿಗೆ ಹೆಚ್ಚಿಸಲಿಲ್ಲ. ಅಂಕಿ ಮೇಲೆ ಬರುವ ತನಕ ಹೆಪ್ಪು ತಡೆಯಲು ಹೊಟ್ಟೆಯ ಚರ್ಮಕ್ಕೆ ಚುಚ್ಚುವ ಇಂಜೆಕ್ಷನ್ ಬರೆದರು. ಸೊಪ್ಪು ಪೂರ್ತಿ ಬಿಡುವುದು ಬೇಡ, ಆಪರೇಶನ್ನಿಗೆ ಮೊದಲು ಎಷ್ಟು ತಿನ್ನುತ್ತಿದ್ದರೋ ಅಷ್ಟೇ ಇರಲಿ, ಒಂದು ವಾರ ಹೆಚ್ಚು ಒಂದು ವಾರ ಕಡಿಮೆ ಆಗಬಾರದು ಎಂದರು. ಇದನ್ನು ಅನಸವ್ವನಿಂದ ತಿರುಗಿ ಹೇಳಿಸಿದರು. ಈ ಪದ್ಧತಿ ಅವರದಲ್ಲ, ದಾನೇಶ್ವರಿಯದು.

ಮುಂದಿನ ಪರೀಕ್ಷೆಗೆ ಬಂದಾಗ ಅಂಕಿ ಮೂರರ ಹತ್ತಿರ ಇತ್ತು. ಇಂಜೆಕ್ಷನ್ ನಿಲ್ಲಿಸಿದರು. ದಾನೇಶ್ವರಿ ಹೊಸ ಹಾಳೆ ಕೊಟ್ಟಳು. ನಿಂಗಣ್ಣ ತಲೆಬರಹ ಓದಿದ. “‘ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ.’ ತೆಳು ಎಲ್ಲಿ ಹೋತ್ರಿ?”

“ತಗದೇನಿ.”

ಅವನು ಹಾಳೆ ತಿರುವಿದ. “ಹಿಂದಿನ ಬದಿಗೂ ಬರದೀರಲ್ಲ!”

“ಒಂದ ಬದಿಗೆ ಹಿಡೀಲಿಲ್ರಿ. ಓದ್ರಿ ಪೂರಾ.”

ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಧಾನವಾಗುತ್ತ ನಿಂತಿತು. ಬೆಂಚಿನ ಮೇಲಿನ ಇತರರು ಮಾತು ಮುಂದುವರಿಸಿದ್ದರು. ಅನಸವ್ವ ಅವರ ಕಡೆ ಕೈ ಎತ್ತಿದಳು. ಕಾರಣ ತಿಳಿಯದಿದ್ದರೂ ಅವರು ಸುಮ್ಮನಾದರು. ಅವಳು ಗಂಡನ ಎದೆಯ ಕಡೆ ಬಾಗಿದಳು.

“ಐತಿ,” ಎಂದು ಎದ್ದಳು. “ನಡೀರಿ, ಬಸ್ಸ ಹೊಕ್ಕೈತಿ.”