ವಾರಿಜಾ ಬರೆದ ಒಂದು ಸಾಲು

ಚೆಂಬೂರಿನ ವಾರಿಜಾಗೆ ಕಣ್ಣು ಕಾಣುವುದಿಲ್ಲ. ಹಾಗೆಂದು ಅವಳೇನೂ ಕೈಕಟ್ಟಿ ಕೂತವಳಲ್ಲ. ಹನ್ನೆರಡು ವರ್ಷಗಳಿಂದ ಒಂದು ಕಂಪನಿಯಲ್ಲಿ ಟೆಲಿಫೋನ್ ಆಪರೇಟರ್. ಪರದೆಯ ಮೇಲಿರುವುದನ್ನು ಓದಿ ಹೇಳುವ ಫೋನು ಅವಳ ಬಳಿ ಇದೆ. ವಯಸ್ಸು ಮೂವತ್ತಾರು. ಮನಸ್ಸಿನಲ್ಲಿ ಒಂದೇ ಆಸೆ, ತನಗೂ ಒಂದು ಜೊತೆ ಬೇಕು. ಸಂಜೆ ಚಹಾ ಕುಡಿಯುವಾಗ ಎದುರಿಗೆ ಇನ್ನೊಂದು ಲೋಟ ಇಟ್ಟ ಸದ್ದು ಕೇಳಬೇಕು.

ವಧು-ವರರ ವೆಬ್‌ಸೈಟಿನಲ್ಲಿ ಅವಳ ಹೆಸರು ಸೇರಿಸಿದ್ದು ಅಣ್ಣ ಧರ್ಮಣ್ಣ. ಒಂದು ಭಾನುವಾರ ಅವಳು ಅದನ್ನು ಫೋನಿನಿಂದ ಓದಿಸಿಕೊಂಡಳು. ‘ಎಂಥ ವರ ಬೇಕು?’ ಎಂಬಲ್ಲಿ ಅಣ್ಣ ಬರೆದಿದ್ದ: ‘ಯಾರಾದರೂ ಆದೀತು.’

ಆ ಸಾಲು ಅಲ್ಲಿ ಇರಕೂಡದು ಎಂದುಕೊಂಡಳು. ಅದನ್ನು ಅಳಿಸಲು ಲಾಗಿನ್ ಆಗಬೇಕು. ಬಾಗಿಲಲ್ಲೇ ಕ್ಯಾಪ್ಚಾ ಎಂಬ ಮಹಾಶಯ ಕೂತಿದ್ದಾನೆ: ನೀವು ಯಂತ್ರವಲ್ಲ, ಮನುಷ್ಯರೆಂದು ತೋರಿಸಲು ಟ್ರಾಫಿಕ್ ಸಿಗ್ನಲ್ ಇರುವ ಚಿತ್ರಗಳನ್ನು ಆರಿಸಿ! ಫೋನು ‘ಚಿತ್ರ, ಚಿತ್ರ, ಚಿತ್ರ’ ಎಂದಷ್ಟೇ ಓದಿತು. ಮೂರು ಸಲ ತಪ್ಪಾಯಿತು.

“ಇಲ್ಲಿ ಕೊಡು ಮಾರಾಯ್ತಿ, ನಾನೇ ಬರೀತೇನೆ. ಎಂತ ಬೇಕು ಹೇಳು,” ಅಂದ ಧರ್ಮಣ್ಣ.

“ಅಣ್ಣಾ, ಅದು ನಿನ್ನ ಹತ್ರ ಹೇಳ್ಲಿಕ್ಕಾಗುವ ಮಾತಲ್ಲ.”

“ಮತ್ತೆ ಕೆಳಗಿನ ಸೈಬರ್ ಅಂಗಡಿಯವನ ಹತ್ರ ಹೇಳ್ತೀಯಾ?”

ವಾರಿಜಾ ಫೋನು ಕೊಡಲಿಲ್ಲ. ಅಣ್ಣ ಕೆಟ್ಟವನಲ್ಲ. ಲೋಕಲ್ ರೈಲು ಹತ್ತುವಾಗ ಒಂದು ದಿನವೂ ತಂಗಿಯ ಕೈ ಬಿಟ್ಟವನಲ್ಲ. ಆದರೆ ಅವಳಿಗೂ ಒಂದು ಗುಟ್ಟು ಇರಬಹುದು ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

ಮರುದಿನ ಗೆಳತಿ ಸೇವಂತಿ ಬಂದಳು. ಪವಾಯಿಯಲ್ಲಿ ಅಂಧರಿಗೆ ಕಂಪ್ಯೂಟರ್ ಕಲಿಸುವವಳು. ಕ್ಯಾಪ್ಚಾದ ಕಥೆ ಕೇಳಿ ಅವಳೆಂದಳು:

“ಹೆಡ್‌ಫೋನ್ ಗುರುತಿನ ಬಟನ್ ಉಂಟಾ? ಒತ್ತಿದ್ರೆ ಚಿತ್ರದ ಬದಲು ಧ್ವನಿ ಕೇಳಿಸ್ತದೆ.”

“ಇದ್ರಲ್ಲಿ ಇಲ್ಲ.”

“ಹಾಗಾದ್ರೆ ತಪ್ಪು ಅವರದ್ದು. ಅವರಿಗೆ ಬರಿ. ಚಿತ್ರ ಬೇಡ, ಒಟಿಪಿ ಕಳಿಸಿ ಅಂತ ಕೇಳು. ಅಂಗವಿಕಲರಿಗೂ ಬಳಸ್ಲಿಕ್ಕೆ ಆಗ್ಬೇಕು ಅಂತ ಕಾನೂನೇ ಉಂಟು.”

ಧರ್ಮಣ್ಣ ನಕ್ಕ. “ಒಬ್ಬಳ ಮಾತಿಗೆ ಅವರು ವೆಬ್‌ಸೈಟ್ ಬದಲಿಸ್ತಾರಾ? ನಾನಿಲ್ವಾ ಇಲ್ಲಿ?”

“ಧರ್ಮಣ್ಣ, ಮದುವೆಗೆ ಮುಂಚೆ ಅತ್ತಿಗೆಗೆ ಮೆಸೇಜ್ ಕಳಿಸುವಾಗ ಬೇರೆಯವರ ಕೈಯಲ್ಲಿ ಟೈಪ್ ಮಾಡಿಸಿದ್ರಾ?” ಕೇಳಿದಳು ಸೇವಂತಿ.

ಅಣ್ಣನ ನಗು ಅಲ್ಲಿಗೇ ನಿಂತದ್ದು ವಾರಿಜಾಗೆ ಕೇಳಿಸಿತು.

ಅವಳು ಬರೆದಳು. ಉತ್ತರವಿಲ್ಲ. ಮತ್ತೆ ಬರೆದಳು. ಈ ಸಲ ಧರ್ಮಣ್ಣನೂ ತನ್ನ ಹೆಸರಿನಲ್ಲಿ ಒಂದು ದೂರು ಹಾಕಿದ. ಇಪ್ಪತ್ತು ದಿನದ ಮೇಲೆ ‘ಒಟಿಪಿ ಮೂಲಕ ಲಾಗಿನ್’ ಎಂಬ ಬಟನ್ ಬಂತು. ಆರು ಅಂಕಿಗಳನ್ನು ಫೋನು ಓದಿ ಹೇಳಿತು. ವಾರಿಜಾ ಒಳಗೆ ಹೋದಳು, ಆ ಸಾಲನ್ನು ಅಳಿಸಿದಳು, ತನ್ನದೇ ಒಂದು ಸಾಲು ಬರೆದಳು.

“ಎಂತ ಬರೆದೆ?” ಅಭ್ಯಾಸಬಲದಿಂದ ಅಣ್ಣ ಬಗ್ಗಿದಾಗ ಅವನ ಭುಜ ತಾಗಿತು.

“ಹೇಳುದಿಲ್ಲ ಅಣ್ಣಾ.”

“ಬೇಡ, ಹೇಳ್ಬೇಡ,” ಎಂದು ಅವನು ಚಹಾ ಮಾಡಲು ಎದ್ದುಹೋದ.

ಬಂಧುಗಳೇ, ನಿಮ್ಮ ಸಂಘಕ್ಕೋ ಸೊಸೈಟಿಗೋ ವೆಬ್‌ಸೈಟ್ ಇದೆಯೇ? ಅದರಲ್ಲಿ ಚಿತ್ರದ ಪರೀಕ್ಷೆ ಇದ್ದರೆ ಧ್ವನಿಯ ಅಥವಾ ಒಟಿಪಿಯ ದಾರಿಯನ್ನೂ ಇಂದೇ ಮಾಡಿಸಿ. ಕ್ಯಾಪ್ಚಾ ಅಡ್ಡ ಬಂತೆಂದು ಪಾಸ್‌ವರ್ಡ್, ಒಟಿಪಿ ಯಾರ ಕೈಗೂ ಕೊಡಬೇಡಿ. ದೂರು ಬರೆಯಿರಿ, ನೆರೆಹೊರೆಯವರಿಂದಲೂ ಬರೆಸಿ.

ವಾರಿಜಾಳ ಎದುರಿನ ಲೋಟ ಇನ್ನೂ ಬಂದಿಲ್ಲ. ಆದರೆ ಎಂಥವನಿಗಾಗಿ ಕಾಯುತ್ತಿದ್ದೇನೆ ಎಂದು ಈಗ ಅವಳೇ ಹೇಳಿದ್ದಾಳೆ.