ದೋಣಿಯ ಮೂತಿಯ ಮೇಲಿದ್ದ ಹೆಸರು

ಬಾಚಣಿಗೆಯ ಹಲ್ಲುಗಳ ನಡುವೆ ಒಂದು ಬಿಳಿ ಕೂದಲು ಬೆಳಕಿಗೆ ಮಿಂಚಿ ಮಾಯವಾಯಿತು, ಎಲ್ಲಿ ಹೋಯಿತು, ಇಲ್ಲೇ ಇದೆ, ನನ್ನ ಬೆರಳಿಗೇ ಸುತ್ತಿಕೊಂಡಿದೆ, ಎಷ್ಟು ಹಗುರ, ಒಂದು ಕಾಲಕ್ಕೆ ಈ ತಲೆ ಬಾಚುವಷ್ಟರಲ್ಲಿ ತೋಳು ಸೋತುಹೋಗುತ್ತಿತ್ತು, ಅಂಥ ಜಡೆ ಅಮ್ಮಾವ್ರದು, ಸ್ವಲ್ಪ ಎಳೆದರೂ ಸಾಕು, ಕುಳ್ಳಿ, ಅದು ಕೈಯೋ ಕುಡುಗೋಲೋ ಅನ್ನುತ್ತಿದ್ದರು, ಈಗ ಎಳೆದರೂ ಏನೂ ಅನ್ನುವುದಿಲ್ಲ, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಾರೆ, ಕೆಳಗೆ ಬಂದರಿನಲ್ಲಿ ದೋಣಿಗಳು ಒಂದರ ಮೈಗೆ ಒಂದು ತಾಗಿಕೊಂಡು ತೂಗುತ್ತಿವೆ, ಅವರು ನೋಡುತ್ತಿರುವುದು ಅವನ್ನೋ ಗಾಜಿನ ಮೇಲೆ ಕೂತ ನೊಣವನ್ನೋ ದೇವರಿಗೇ ಗೊತ್ತು — ತಮ್ಮ ಹೆಸರನ್ನೇ ಮರೆತವರಿಗೆ ದೋಣಿ ಯಾವುದು ನೊಣ ಯಾವುದು, ಡಾಕ್ಟರು ಬಂದು ಅವರ ಹೆಸರು ಹಿಡಿದು ಕೂಗಿದರೆ ತಿರುಗಿಯೂ ನೋಡುವುದಿಲ್ಲ, ಆದರೆ ಬಾಗಿಲ ಬಳಿ ನಿಂತ ನಾನು ತಿರುಗುತ್ತೇನೆ, ಅದು ನನ್ನ ಹೆಸರೂ ಹೌದಲ್ಲ, ಈ ಮನೆಯಲ್ಲಿ ಅದು ಯಾರಿಗೂ ನೆನಪಿಲ್ಲ, ನೆನಪಿಟ್ಟಿದ್ದವರೂ ಹೋದರು. ಮೇಜಿನ ಮೇಲೆ ಫೋನು ಮುಖ ಕೆಳಗೆ ಮಾಡಿ ಮಲಗಿದೆ, ಮಗಳು ಮತ್ತೆ ಮಾಡುತ್ತಾಳೆ, ಬೆಳಗ್ಗೆ ಮಾಡಿದ್ದಳು, ಪಕ್ಕದಲ್ಲಿ ಹಸುಗೂಸು ಗುಬ್ಬಿಯ ಹಾಗೆ ಕಿಚಗುಟ್ಟುತ್ತಿತ್ತು, ಅಮ್ಮ, ಪಾಪುಗೆ ನಿನ್ನ ಹೆಸರೇ ಇಡೋಣ ಅಂತ ಮಾಡಿದೀವಿ, ಇವ್ರು ಮಧ್ಯಾಹ್ನ ಬರೆಸೋಕೆ ಹೋಗ್ತಾರೆ, ಅಲ್ಲ, ನಿನ್ನ ಆ ಹೆಸರಲ್ಲಿ ಯಾರೂ ಕರೆದಿದ್ದೇ ನಾನು ಕೇಳಿಲ್ಲ, ನಮ್ಮನೇಲಾದ್ರೂ ದಿನಾ ಕೇಳ್ಲಿ ಅಂತ, ಅತ್ತೆ ಅರ್ಥ ಏನು ಅಂತ ಕೇಳ್ತಿದಾರೆ, ಮುತ್ತಜ್ಜಿದೊಂದು ಕಥೆ ಇತ್ತಲ್ಲ, ಅದನ್ನ ಪೂರ್ತಿ ಹೇಳು — ಅಮ್ಮಾವ್ರು ಕರೀತಿದಾರೆ ಆಮೇಲೆ ಮಾತಾಡ್ತೀನಿ ಎಂದು ಇಟ್ಟುಬಿಟ್ಟೆ, ಅಮ್ಮಾವ್ರು ಯಾರನ್ನೂ ಕರೆದು ಎಷ್ಟೋ ತಿಂಗಳಾಯಿತು, ಏನು ಹೇಳಲಿ, ಹೂಂ ಅಂದರೆ ಆ ಕೂಸಿನ ಕೊರಳಿಗೂ ಅದನ್ನೇ ಕಟ್ಟಿದ ಹಾಗೆ, ಬೇಡ ಅಂದರೆ ಯಾಕೆ ಅನ್ನುತ್ತಾಳೆ, ಯಾಕೆ ಎಂಬುದಕ್ಕೆ ಉತ್ತರ ಹೇಳಿದರೆ ಅವಳ ಮುತ್ತಜ್ಜಿ ಸುಳ್ಳಾಗುತ್ತಾಳೆ, ಅವಳ ತಾತ ಸಣ್ಣವನಾಗುತ್ತಾನೆ.

ಅರ್ಥ ಬೇಕಂತೆ, ಅರ್ಥ ಮೊದಲು ಹೇಳಿದವರು ಮೇಷ್ಟ್ರು, ಒಂದು ದಿನ ಪಾಠ ಬಿಟ್ಟು ಎಲ್ಲರ ಹೆಸರಿಗೂ ಅರ್ಥ ಹೇಳುತ್ತಾ ಬಂದರು, ಒಬ್ಬಳು ಬೆಳಕು, ಒಬ್ಬಳು ಮುತ್ತು, ಒಬ್ಬಳು ಬೆಳಗಿನ ಗಾಳಿ, ನನ್ನ ಹತ್ತಿರ ನಿಂತು, ಇದು ಬಹಳ ಹಳೇ ಹೆಸರು ಕಣಮ್ಮ, ಎಲ್ಲೆಲ್ಲೋ ದಾಟಿ ಬಂದಿದೆ, ಒಡತಿ ಅಂತ ಅರ್ಥ, ಮನೆಯೊಡತಿ, ಹಿಂದಿನ ಬೆಂಚಿನಿಂದ ಯಾರೋ, ಒಡತಿಯವರ ಅವ್ವ ಪಾತ್ರೆ ತಿಕ್ಕೋಕೆ ಹೋಗಿದಾರೆ ಸಾರ್, ತರಗತಿಯೆಲ್ಲ ನಕ್ಕಿತು, ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಒರೆಸಿದ್ದನ್ನೇ ಒರೆಸಿದರು, ಅವರ ಭುಜ ಅಲ್ಲಾಡುತ್ತಿತ್ತು. ಅಜ್ಜಿ, ಅಪ್ಪನ ತಾಯಿ, ಹೊಸಿಲ ಬಳಿ ಕೂತು ಬಟಾಣಿ ಸುಲಿಯುತ್ತಿದ್ದಳು, ನನ್ನ ಮುಖ ನೋಡಿ, ಒಡತಿ ಗಿಡತಿ ಎಲ್ಲ ಆ ಮೇಷ್ಟ್ರಿಗೇ ಇರ್ಲಿ, ನಿನ್ನ ಹೆಸರಿನ ಕಥೆ ಬೇರೇನೇ ಇದೆ, ಬಾ ಇಲ್ಲಿ, ಕಾಳು ಸುಲಿ, ಹೂಂ ಅನ್ನು — ಒಂದೂರಲ್ಲಿ ಒಂದು ಹೊಳೆ, ಹೂಂ, ಹೊಳೆಗೊಂದು ದೋಣಿ, ಹೂಂ, ದೋಣಿಗೊಬ್ಬಳು ಹುಡುಗಿ, ಹುಡುಗಿಗೆ ಹೆಸರಿಲ್ಲ, ಯಾಕಜ್ಜಿ ಇಲ್ಲ, ಇಡೋರಿಗೆ ಪುರುಸೊತ್ತಿರ್ಲಿಲ್ಲ ಕಣೇ, ನಡುವೆ ಬಾಯಿ ಹಾಕಬೇಡ, ಹೊಳೆ ಉಕ್ಕಿದ ದಿನ ಊರವರನ್ನೆಲ್ಲ ದಾಟಿಸಿದಳು, ದೋಣಿ ಕಟ್ಟೋಕೆ ಹಗ್ಗ ಎತ್ತಿದಳು, ನೋಡಿದರೆ ಆಚೆ ದಡದಲ್ಲಿ ಒಬ್ಬ ಮುದುಕ, ಮೈಯೆಲ್ಲ ಹುಣ್ಣು, ಅವನ ಜೊತೆ ಕೂರೋಕೆ ಯಾರೂ ಒಪ್ಪಿರ್ಲಿಲ್ಲ, ಇವಳು ಹಗ್ಗ ಬಿಟ್ಟು ತಿರುಗಿ ಹೋದಳು, ಕರೆತಂದಳು, ಇಳಿದು ನಡೆದಾಗ ನೋಡ್ತಾಳೆ, ಮರಳಿನ ಮೇಲೆ ಅವನ ಹೆಜ್ಜೆಯೇ ಮೂಡ್ತಿಲ್ಲ, ಮಗಳೇ ನನ್ನ ಹತ್ರ ಕೊಡೋಕೆ ಏನೂ ಇಲ್ಲ, ಒಂದು ಹೆಸರಿದೆ, ತಗೋ ಅಂದ, ಅದೇ ನಿನ್ನ ಹೆಸರು, ಕೊನೆಯವರು ದಾಟೋವರೆಗೂ ದೋಣಿ ಕಟ್ಟದವಳು ಅಂತ ಅರ್ಥ, ಹೋಗಿ ಹೇಳು ನಿಮ್ಮ ಮೇಷ್ಟ್ರಿಗೆ. ಹೇಳಲಿಲ್ಲ, ಆದರೆ ನಂಬಿದೆ, ನಂಬುವುದಕ್ಕೆ ಸಾಕ್ಷಿಯೂ ಇತ್ತು, ಬಂದರಿನಲ್ಲಿ ಈ ಮನೆಯ ಯಜಮಾನರ ದೊಡ್ಡ ದೋಣಿಯ ಮೂತಿಯ ಮೇಲೆ ನನ್ನ ಹೆಸರೇ ಇತ್ತು, ಬಿಳಿ ಹಲಗೆಯ ಮೇಲೆ ಕೆಂಪು ಅಕ್ಷರ, ಬರೆದವನು ನನ್ನಪ್ಪ, ದೋಣಿಗಳಿಗೆ ಬಣ್ಣ ಬಳಿಯುವುದೇ ಅವನ ಕೆಲಸ, ಉಪ್ಪುನೀರು ತಿಂದ ಅಕ್ಷರಗಳನ್ನು ವರ್ಷ ವರ್ಷ ತಿದ್ದುತ್ತಿದ್ದ, ಒಮ್ಮೆ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಏಣಿ ಹತ್ತಿದ, ಕೊನೆಯ ಅಕ್ಷರದಿಂದ ಬಣ್ಣ ಇಳಿಯತೊಡಗಿತು, ಹೆಬ್ಬೆರಳಿನಿಂದ ಒತ್ತಿ ಒರೆಸಿದ, ನೋಡೇ, ನಿನ್ನ ಹೆಸರು ನೀರಿನ ಮೇಲೆ ಹೋಗುತ್ತೆ, ಎಂದು ಅದೇ ಕೈಯಲ್ಲಿ ನನ್ನನ್ನು ಎತ್ತಿ ಇಳಿಸಿದ, ಲಂಗದ ಮೇಲೆ ಕೆಂಪು ಹೆಬ್ಬೆರಳು ಮೂಡಿತು, ಅವ್ವ ಸೀಮೆಎಣ್ಣೆ ಹಾಕಿ ಉಜ್ಜಿದಳು, ಬೂದಿ ಹಾಕಿ ಉಜ್ಜಿದಳು, ಹೋಗಲಿಲ್ಲ.

ಅದೇ ಲಂಗ ತೊಟ್ಟು ಈ ಮನೆಗೆ ಬಂದದ್ದು, ಅವ್ವನಿಗೆ ಸೊಂಟ ಹಿಡಿದಿತ್ತು, ಬಗ್ಗಿ ಒರೆಸಲು ಆಗುತ್ತಿರಲಿಲ್ಲ, ಜೊತೆಗೆ ಬಾ ಅಂದಳು, ಇದೇ ಕೋಣೆ, ಅಮ್ಮಾವ್ರು ಕನ್ನಡಿಯ ಮುಂದೆ ಜಡೆ ಬಿಚ್ಚಿಕೊಂಡು ಕೂತಿದ್ದರು, ಏನೇ ನಿನ್ನ ಹೆಸರು ಅಂದರು, ಗಟ್ಟಿಯಾಗಿ ಹೇಳಿದೆ, ಅಷ್ಟಕ್ಕೇ ಸುಮ್ಮನಿರಬಾರದಿತ್ತೇ, ನಿಮ್ಮ ದೋಣಿಗೂ ನನ್ನ ಹೆಸರೇ ಇಟ್ಟಿದೀರಲ್ಲ ಅಂದೆ, ಅವ್ವನ ಕೈಯ ಬಟ್ಟೆಯಿಂದ ನೀರು ತೊಟ್ಟಿಕ್ಕುವುದು ಕೇಳಿಸುತ್ತಿತ್ತು, ಪೇಪರಿನ ಹಿಂದಿನಿಂದ ಯಜಮಾನರು ಕೆಮ್ಮು ಬರುವಷ್ಟು ನಕ್ಕರು, ಅಯ್ಯೋ, ಅದು ಇವಳೇನಾ, ದೋಣಿಗೆ ನಿನ್ನ ಹೆಸರು ಬರೀತಿದ್ದ ಕಣೇ ಆ ಬಣ್ಣದವನು, ಏಣಿ ಇಳಿದು ಬಂದು ಕೈ ಕಟ್ಟಿ ನಿಂತ, ಯಜಮಾನ್ರೇ ಹೆಣ್ಣುಮಗು ಹುಟ್ಟಿದೆ, ಅಮ್ಮಾವ್ರ ಹೆಸರೇ ಇಡ್ಲಾ ಅಂದ, ಇಟ್ಕೋ ಹೋಗು, ಬಣ್ಣ ಉಳಿದಿದ್ರೆ ಅದನ್ನೂ ತಗೊಂಡು ಹೋಗು ಅಂದೆ. ಅಮ್ಮಾವ್ರು ನಗಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ, ಕನ್ನಡಿಯೊಳಗಿನ ನನಗೇ ಹೇಳಿದರು, ಈ ಮನೇಲಿ ಆ ಹೆಸರಿಗೆ ಒಬ್ಬಳು ಸಾಕು, ಇವಳನ್ನ ಕುಳ್ಳಿ ಅನ್ನಿ. ಹಿತ್ತಿಲಲ್ಲಿ ಅವ್ವ ಬಟ್ಟೆ ಹಿಂಡುತ್ತಾ, ಅತ್ತು ರಂಪ ಮಾಡಬೇಡ, ಆ ಹೆಸರಿಟ್ಟ ಮೇಲೇ ನಿಮ್ಮಪ್ಪನ ಕೆಲಸ ಖಾಯಂ ಆಗಿದ್ದು, ಅನ್ನ ಹಾಕಿದ ಹೆಸರು ಅದು, ಕುಳ್ಳಿ ಅಂದ್ರೆ ಮೈಯೇನು ಸವೆಯುತ್ತಾ. ಹಾಗಾದರೆ ಹೊಳೆಯೂ ಇಲ್ಲ, ಮುದುಕನೂ ಇಲ್ಲ, ಅಪ್ಪ ಕೈ ಕಟ್ಟಿ ನಿಂತದ್ದು ಮಾತ್ರ ಇದೆ, ಸಂಜೆ ಮನೆಗೆ ಬಂದಾಗ ಅವನ ಕೈ ನೋಡಿದೆ, ಉಗುರ ಸಂದಿಯಲ್ಲಿ ಕೆಂಪು, ಯಾಕೇ ಹಾಗೆ ನೋಡ್ತೀಯ ಅಂದ, ಏನಿಲ್ಲ ಅಂದೆ, ಅವನು ಸಾಯುವವರೆಗೂ ಅದು ಏನಿಲ್ಲವಾಗಿಯೇ ಉಳಿಯಿತು. ಮೈಯೇನೂ ಸವೆಯಲಿಲ್ಲ, ಬೆಳೆಯಿತು, ಎಷ್ಟು ಬೆಳೆಯಿತು ಅಂದರೆ ಹಿತ್ತಿಲ ಬಾಗಿಲಿಗೆ ಹಣೆ ಬಡಿಯದ ದಿನವಿಲ್ಲ, ತರಕಾರಿಯವನು ಹೊಸದಾಗಿ ಬಂದವನು, ಕುಳ್ಳಿ ಅಂದ್ರೆ ಇವರಾ, ಹಾಗಾದ್ರೆ ಈ ಮನೇಲಿ ಉದ್ದ ಇರೋರು ಮಲಗಿದ್ರೆ ಕಾಲು ರಸ್ತೆಗೆ ಬರುತ್ತಾ ಅಂದಿದ್ದ, ನಾನೂ ನಕ್ಕೆ, ನಗದೆ ಏನು ಮಾಡಲಿ, ಕಟ್ಟಿಕೊಂಡವನಾದರೂ ಹೆಸರು ಹಿಡಿದು ಕರೆದನೇ, ಬಂದರಿನಲ್ಲಿ ಮೀನು ತೂಗುತ್ತಿದ್ದವನು, ಬದುಕಿರುವಷ್ಟು ದಿನ ಲೇ ಇವಳೇ, ಅದೇ ನನ್ನ ಹೆಸರು, ನಿಜವಾದ ಹೆಸರು ಉಳಿದದ್ದು ದೇವರ ಮುಂದೆ ಮಾತ್ರ, ಸಂಜೆ ದೀಪದ ಹತ್ತಿರ ಕಣ್ಣು ಮುಚ್ಚಿ ನನ್ನ ಹೆಸರು ಹೇಳಿಕೊಂಡು, ಬಂದಿದೀನಪ್ಪ ಅನ್ನುತ್ತೇನೆ, ಅಲ್ಲೂ ಒಂದು ಅಂಜಿಕೆ, ಈ ಮನೆಯಿಂದ ಆ ಹೆಸರಿನಲ್ಲಿ ಹೋದದ್ದೆಲ್ಲ ಅಮ್ಮಾವ್ರ ಕಡೆಗೇ ಜಮೆಯಾದರೆ, ಅದಕ್ಕೇ ಸೇರಿಸಿ ಹೇಳುತ್ತೇನೆ, ನಾನು, ಅಡಿಗೆಮನೆಯವಳು, ಉದ್ದದವಳು, ಮಹಡಿಯವರಲ್ಲ. ಯಜಮಾನರು ಹೋದ ಮೇಲೆ ದೋಣಿ ಮಾರಿದರು, ಕೊಂಡವನು ತನ್ನ ಮಗಳ ಹೆಸರು ಬರೆಸಿದ, ಹಳೆಯದನ್ನು ಕೆರೆದು ತೆಗೆದವನೂ ಅಪ್ಪನೇ, ಅದೇ ಏಣಿ, ಕೆರೆದ ಚಕ್ಕೆಗಳು ನೀರಿಗೆ ಬಿದ್ದು ಒಂದಷ್ಟು ಹೊತ್ತು ತೇಲಿದವಂತೆ, ಕೆಂಪಗೆ.

ಯಾರು ನೀನು. ಅಮ್ಮಾವ್ರು ತಿರುಗಿ ನೋಡುತ್ತಿದ್ದಾರೆ, ಬಾಚಣಿಗೆ ನಿಂತಿತ್ತೇನೋ, ದಿನಾ ಕೇಳುತ್ತಾರೆ, ದಿನಾ ಕುಳ್ಳಿ ಅನ್ನುತ್ತೇನೆ, ಇವತ್ತು ಬೆಳಗಿನಿಂದ ಆ ಹೆಸರು ನಾಲಿಗೆಯ ಮೇಲೇ ಕೂತಿದೆ, ಜಾರಿತು, ಹೇಳಿಬಿಟ್ಟೆ, ಈ ಕೋಣೆಯಲ್ಲಿ ಎರಡನೆಯ ಸಲ, ಏನೂ ಆಗಲಿಲ್ಲ, ನೊಣ ಗಾಜು ಬಿಟ್ಟು ಹಾರಿತು ಅಷ್ಟೆ, ಚೆನ್ನಾಗಿದೆ, ಅಂದರು ಅಮ್ಮಾವ್ರು, ಯಾರಿಟ್ಟಿದ್ದು, ನಮ್ಮಪ್ಪ, ಅರ್ಥ ಏನು — ಒಡತಿ, ಅನ್ನಬೇಕೆನ್ನಿಸಿತು, ಮನೆಯೊಡತಿ ಅಂತ, ಆದರೆ ಆ ಕಣ್ಣು, ಬಟಾಣಿ ಸುಲಿಯುವ ಮಗುವಿನ ಹಾಗೆ ನನ್ನ ಬಾಯನ್ನೇ ನೋಡುವ ಕಣ್ಣು, ಒಂದೂರಲ್ಲಿ ಒಂದು ಹೊಳೆ ಅಂದೆ, ಹೂಂ ಅಂದರು, ಹೊಳೆಗೊಂದು ದೋಣಿ, ಹೂಂ, ಎಲ್ಲ ಹೇಳಿದೆ, ಹುಣ್ಣಿನ ಮುದುಕನನ್ನು ದಾಟಿಸಿದೆ, ಹೆಸರು ಕೊಡಿಸಿದೆ, ಕೊನೆಯವರು ದಾಟೋವರೆಗೂ ದೋಣಿ ಕಟ್ಟದವಳು ಅಂದಾಗ ನನ್ನ ಮೇಲೆ ನನಗೇ ನಗು ಬಂತು, ಈ ಮನೆಯಲ್ಲಿ ಕೊನೆಯವರು ಇವರೇ, ಹಗ್ಗ ಇನ್ನೂ ನನ್ನ ಕೈಯಲ್ಲಿ. ಅಮ್ಮಾವ್ರು ನನ್ನ ಸೆರಗು ಹಿಡಿದುಕೊಂಡರು, ನಂಗೆ ಹೆಸರಿಲ್ಲ ಕಣೇ, ಯಾರೂ ಇಟ್ಟಿಲ್ಲ, ಅದನ್ನ ನಂಗೆ ಕೊಡ್ತೀಯಾ. ದೇವರೇ, ಇದೇನಾಟ ನಿಂದು, ಎಲ್ಲ ಮರೆತರೂ ತೆಗೆದುಕೊಳ್ಳುವುದನ್ನು ಮಾತ್ರ ಮರೆಸಲಿಲ್ಲವಲ್ಲ, ಇವರದ್ದೇ ಇವರಿಗೆ ಕೊಡಬೇಕು, ಅದೂ ನಾನು, ಬಣ್ಣ ಉಳಿದಿದ್ರೆ ಅದನ್ನೂ ತಗೊಂಡು ಹೋಗಿ ಅನ್ನಲೇ, ಅನ್ನಲಿಲ್ಲ, ತಗೊಳ್ಳಿ ಅಮ್ಮಾವ್ರೇ, ಇಟ್ಕೊಳ್ಳಿ ಅಂದೆ, ಒಂದು ಸಲ ಹೇಳಿಕೊಂಡರು, ಇನ್ನೊಂದು ಸಲ, ಬಾಯಲ್ಲಿ ಸಕ್ಕರೆ ಕರಗಿಸುವ ಹಾಗೆ, ಹಾಗಾದ್ರೆ ನಿನ್ನ ಏನಂತ ಕರೀಲಿ, ಕುಳ್ಳಿ ಅನ್ನಿ, ತಲೆಯೆತ್ತಿ ಕಾಲಿನಿಂದ ಮುಡಿಯವರೆಗೆ ನೋಡಿದರು, ನೀನೆಲ್ಲಿ ಕುಳ್ಳಿ, ಇಷ್ಟುದ್ದ ಇದೀಯ, ಯಾರೇ ನಿಂಗೆ ಹಾಗಂದಿದ್ದು. ಫೋನು ಮೇಜಿನ ಮೇಲೆ ಗುರುಗುಟ್ಟುತ್ತಿದೆ, ಎತ್ತಿಕೊಂಡೆ, ಅಮ್ಮ, ಇವ್ರು ಚಪ್ಪಲಿ ಹಾಕ್ಕೊಂಡು ನಿಂತಿದಾರೆ, ಬೇಗ ಹೇಳು, ಬೇಡ ಮಗಳೇ, ಆ ಹೆಸರು ಬೇಡ, ಅದನ್ನ ಕೊಟ್ಟುಬಿಟ್ಟೆ, ಕೊಟ್ಟುಬಿಟ್ಯಾ, ಹೆಸರನ್ನಾ, ಯಾರಿಗೆ ಅಂದಳು, ಯಾರನ್ನೂ ಕೇಳಿ ಇಡಬೇಕಾಗಿಲ್ಲದ್ದು ಒಂದು ನೀನೇ ಹುಡುಕೇ, ಯಾರ ಬಾಗಿಲಲ್ಲೂ ನಿಂತು ತಂದದ್ದಲ್ಲ ಅಂತ ನಾಳೆ ಪಾಪುಗೆ ಹೇಳೋ ಹಾಗಿರ್ಲಿ ಅಂದೆ, ಆ ಕಡೆ ಗುಬ್ಬಿಯ ಕಿಚಕಿಚ, ಆಮೇಲೆ ಮಗಳು, ಮೆಲ್ಲಗೆ, ಹಾಗಾದ್ರೆ ನಿನ್ನ ಹೆಸರೇನಮ್ಮ ಈಗ — ನನ್ನ ಹೆಸರು, ನನ್ನ ಹೆಸರು, ಕಿಟಕಿಯ ಬಳಿ ಯಾರೋ ಅದನ್ನು ಹೇಳಿಕೊಳ್ಳುತ್ತಲೇ ಇದ್ದಾರೆ, ಕೆಳಗೆ ನೀರು, ಏಣಿ, ಬಿಳಿ ಹಲಗೆ, ಕೊನೆಯ ಅಕ್ಷರದಿಂದ ಬಣ್ಣ ಇಳಿಯುತ್ತಿದೆ, ಒರೆಸುತ್ತಾನೆ, ಮತ್ತೆ ಇಳಿಯುತ್ತಿದೆ, ಅಪ್ಪನ ಹೆಬ್ಬೆರಳು, ಕೆಂಪು, ಹೆಬ್ಬೆರಳು