ನುಂಗಿಹೋದ ಏಳು ಸಾಲುಗಳು

ತೀವ್ರ ನಿಗಾ ಘಟಕದಿಂದ ಅಕ್ಕನ ಫೋನ್ ಬಂದಾಗ ಬೆಳಿಗ್ಗೆ ಹತ್ತೂವರೆ. ಅಕ್ಕ ಅಲ್ಲಿ ಹಿರಿಯ ನರ್ಸ್. ತಂಗಿ ಅದೇ ಆಸ್ಪತ್ರೆಯ ಸರ್ವರ್‌ಗಳನ್ನು ನೋಡಿಕೊಳ್ಳುವವಳು.

"ನಾಲ್ಕನೇ ಬೆಡ್‌ನವರು ಬೆವತು ನೀರಾಗಿದ್ದಾರೆ ಕಣೇ! ನಾಡಿ ಕೈಗೇ ಸಿಗ್ತಿಲ್ಲ. ನಿನ್ನ ಪರದೆ ನೋಡಿದ್ರೆ ಎಪ್ಪತ್ತೆರಡು ಅಂತ ತಣ್ಣಗೆ ಕೂತಿದೆ!"

ರೋಗಿಗಳ ನಿದ್ದೆ ಕೆಡದಿರಲೆಂದು ಹಾಸಿಗೆ ಪಕ್ಕದ ಮಾನಿಟರ್‌ಗಳ ಸದ್ದು ಅಡಗಿಸಿದ್ದರು. ಎಂಟು ಹಾಸಿಗೆಗಳ ಎಚ್ಚರಿಕೆಯ ಗಂಟೆಯೂ ನರ್ಸ್‌ಗಳ ಆ ಒಂದು ಪರದೆಯಲ್ಲೇ ಹೊಡೆಯಬೇಕು. ಅದರ ಸರ್ವರನ್ನು ಒಂಬತ್ತಕ್ಕೆ ರೀಸ್ಟಾರ್ಟ್ ಮಾಡಿದ್ದವಳು ತಂಗಿಯೇ.

"ಅಕ್ಕಾ, ಪರದೆ ನಂಬ್ಬೇಡ! ಎಲ್ಲರ ನಾಡೀನೂ ಕೈಯಲ್ಲೇ ನೋಡಿ!"

"ನಾವಿರೋದೇ ಮೂರು ಜನ!" ಫೋನ್ ಕಟ್ಟಾಯಿತು.

ತಂಗಿಯ ಕಂಪ್ಯೂಟರಿನಲ್ಲಿ ಒಂದನೇ ಹಾಸಿಗೆಯ ಅಂಕಿ ಮಾತ್ರ ಕದಲುತ್ತಿತ್ತು. ಉಳಿದ ಏಳೂ ಒಂಬತ್ತು ಗಂಟೆಗೇ ನಿಂತುಹೋಗಿದ್ದವು. ಅವಳು ಕಂಟ್ರೋಲ್ ಗ್ರೂಪ್ ಫೈಲ್ ತೆರೆದಳು. ಯಾವ ಪ್ರೋಗ್ರಾಂ ಯಾವ ಸಾಧನವನ್ನು ಮುಟ್ಟಬಹುದೆಂದು ಸರ್ವರ್ ನಡೆಸುವ ಲಿನಕ್ಸ್‌ಗೆ ಹೇಳುವ ಫೈಲ್ ಅದು. ಮೊದಲು ಎಲ್ಲದಕ್ಕೂ ಅನುಮತಿ ಕೊಡುವ ಒಂದೇ ಸಾಲಿತ್ತು. ಅಷ್ಟು ಸಡಿಲ ಬೇಡವೆಂದು ಅವಳು ಆ ಬೆಳಿಗ್ಗೆ ಉದ್ಧರಣ ಚಿಹ್ನೆಗಳ ನಡುವೆ ಎಂಟು ಸಾಲು ಬರೆದಿದ್ದಳು, ಮಾನಿಟರಿಗೊಂದರಂತೆ. ಫೈಲ್ ಓದುವ ಪ್ರೋಗ್ರಾಮೂ ಅವಳದೇ. ಅದು ಮೊದಲ ಸಾಲನ್ನು ಎತ್ತಿಕೊಂಡು ಉಳಿದದ್ದನ್ನು ತೆಪ್ಪಗೆ ನುಂಗಿತ್ತು.

ಅವಸರದಲ್ಲಿ ಪಾಸ್‌ವರ್ಡ್ ಎರಡು ಸಲ ತಪ್ಪಿತು. ಹಳೆಯ ಫೈಲ್ ಹಾಕಿದ್ದೇ ತಡ, ನಾಲ್ಕನೇ ಹಾಸಿಗೆಯ ಅಂಕಿ ಮೂವತ್ತೆಂಟಕ್ಕೆ ಇಳಿದು ಕೆಂಪಾಯಿತು.

ಎರಡು ಮಹಡಿ ಓಡಿ ಇಳಿದಳು. ನಾಲ್ಕನೇ ಹಾಸಿಗೆಯ ಸುತ್ತ ಪರದೆಬಟ್ಟೆ ಎಳೆದಿತ್ತು. ಹೊರಗೆ ರೋಗಿಯ ಹೆಂಡತಿ ಕೈಚೀಲ ಅವಚಿಕೊಂಡು ನಿಂತಿದ್ದರು. "ಒಳಗೆ ಏನಾಗ್ತಿದೆಯಮ್ಮಾ?"

ತಂಗಿ ಆಕೆಯನ್ನು ಅಲ್ಲೇ ಕುರ್ಚಿಯಲ್ಲಿ ಕೂರಿಸಿದಳು. ಎಷ್ಟೋ ಹೊತ್ತಿನ ಮೇಲೆ ಅಕ್ಕ ಹೊರಬಂದು ಆಕೆಯ ಭುಜ ಹಿಡಿದಳು. "ಉಳಿದ್ರು, ಅಮ್ಮಾ. ಉಳಿದ್ರು."

ಮಧ್ಯಾಹ್ನದ ಹೊತ್ತಿಗೆ ತಂಗಿ ಪ್ರೋಗ್ರಾಂ ತಿದ್ದಿದ್ದಳು: ಚಿಹ್ನೆಗಳ ನಡುವೆ ಎಷ್ಟು ಸಾಲಿದ್ದರೂ ಒಂದೊಂದಾಗಿ ದಾಟಿಸಬೇಕು, ಒಂದು ತಪ್ಪಿದರೂ ಕೂಗಬೇಕು. ಬೇರೆ ಯಂತ್ರದಲ್ಲಿ ಎಂಟೂ ಸಾಲು ದಾಟಿದವು. ಆಮೇಲೆ ನಡೆದದ್ದೆಲ್ಲ ಬರೆದು ಮುಖ್ಯ ವೈದ್ಯರ ಮುಂದಿಟ್ಟಳು.

ಅವರು ಓದಿ ಕನ್ನಡಕ ತೆಗೆದರು. "ಬೇರೆ ಘಟಕಗಳಲ್ಲೂ ಈ ಎಂಟು ಸಾಲಿನ ಫೈಲ್ ಹಾಕಿದ್ದೀಯೇನಮ್ಮಾ?"

"ಇಲ್ಲ ಸರ್. ನಾಳೆ ಹಾಕೋದಿತ್ತು," ಎಂದಳು.